ಸಂಪಾದಕರ ಉತ್ತರ: ಪ್ರತಿಕಾಯ ಇದ್ದೂ ಕಾಯಿಲೆ ಏಕೆ?

ಧಾರವಾಡದ ಓದುಗರೊಬ್ಬರು ಮನೆಯ ಎರಡು ಲ್ಯಾಬ್ ವರದಿಗಳನ್ನು ಮುಂದಿಟ್ಟು ಕೇಳಿದ್ದಾರೆ: "ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಮುಗಿಸಿದ ನನಗೆ ಆ್ಯಂಟಿ-ಎಚ್‌ಬಿಎಸ್ 340 ಬಂದಿದೆ, ರಕ್ಷಣೆ ಇದೆ ಎಂದರು. ನನ್ನ ಭಾವನಿಗೆ ಆ್ಯಂಟಿ-ಎಚ್‌ಬಿಸಿ ಪಾಸಿಟಿವ್. ಅದೂ ಪ್ರತಿಕಾಯವೇ ತಾನೇ? ಆದರೂ ವರ್ಷದಿಂದ ಎಚ್‌ಬಿಎಸ್‌ಎಜಿ ಹೋಗಿಲ್ಲ, ವೈರಸ್ ಇದೆ ಎನ್ನುತ್ತಾರೆ. ಇದೇನು ಲೆಕ್ಕ?"

ಲೆಕ್ಕ ಸರಿಯಾಗಿಯೇ ಇದೆ. ಪ್ರತಿಕಾಯ (ಆ್ಯಂಟಿಬಾಡಿ) ಎಂದರೆ ವೈರಸ್ಸನ್ನು ಹಿಡಿಯಲು ದೇಹ ತಯಾರಿಸುವ ಪ್ರೋಟೀನು. ಅದು ವೈರಸ್ಸಿನ ಯಾವ ಜಾಗವನ್ನು ಹಿಡಿಯುತ್ತದೆ ಎಂಬುದನ್ನು ನೋಡಬೇಕು.

ಈ ವೈರಸ್ಸಿನ ಅಡ್ಡಳತೆ ಸುಮಾರು 42 ನ್ಯಾನೊಮೀಟರ್. ಹೊರಗೆ ಕೊಬ್ಬಿನ ಪೊರೆ, ಅದರಲ್ಲಿ ನಾಟಿಕೊಂಡ ಮೇಲ್ಮೈ ಪ್ರೋಟೀನುಗಳು; ವರದಿಯ ಎಚ್‌ಬಿಎಸ್‌ಎಜಿ ಎಂದರೆ ಇವೇ. ಒಳಗೆ, ಹೆಚ್ಚಾಗಿ 120 ಜೋಡಿ ಕೋರ್ ಪ್ರೋಟೀನು ಸೇರಿ ಕಟ್ಟಿದ ಚಿಪ್ಪು. ಭಾವನವರ ಆ್ಯಂಟಿ-ಎಚ್‌ಬಿಸಿ ಹಿಡಿಯುವುದು ಆ ಚಿಪ್ಪನ್ನು. ರಕ್ತದಲ್ಲಿ ಓಡಾಡುವ ವೈರಸ್ಸಿನಲ್ಲಿ ಚಿಪ್ಪು ಪೊರೆಯೊಳಗೆ ಅಡಗಿರುವುದರಿಂದ ಆ ಪ್ರತಿಕಾಯಕ್ಕೆ ಅಲ್ಲಿ ಕೆಲಸವೇ ಇಲ್ಲ. ಸೋಂಕು ತಗಲಿತ್ತು ಎಂಬುದಕ್ಕೆ ಅದು ಸಾಕ್ಷಿ, ಅಷ್ಟೆ. ಲಸಿಕೆಯಲ್ಲಿ ಕೋರ್ ಪ್ರೋಟೀನು ಇರುವುದಿಲ್ಲ; ಹಾಗಾಗಿ ಲಸಿಕೆಯಿಂದ ಅದು ಹುಟ್ಟುವುದೂ ಇಲ್ಲ.

ನಿಮ್ಮ ಆ್ಯಂಟಿ-ಎಚ್‌ಬಿಎಸ್ ಹಿಡಿಯುವುದು ಹೊರಗಿನದನ್ನು. ಮೇಲ್ಮೈಯ ಎಸ್ ಪ್ರೋಟೀನು 226 ಅಮೈನೊ ಆಮ್ಲಗಳ ಸರಪಳಿ. ಪೊರೆಯನ್ನು ಹೊಲಿದಂತೆ ಒಳಹೊರಗೆ ಹೋಗಿಬರುವ ಈ ಸರಪಳಿಯ ಒಂದು ಕುಣಿಕೆ ಹೊರಗೆ ಚಾಚಿರುತ್ತದೆ. ಅದರಲ್ಲಿ ಸುಮಾರು 124ರಿಂದ 147ನೆಯ ಅಮೈನೊ ಆಮ್ಲದವರೆಗಿನ ತುಂಡಿಗೆ 'ಎ' ಡಿಟರ್ಮಿನೆಂಟ್ ಎಂದು ಹೆಸರು. ಸಿಸ್ಟೀನ್ ಎಂಬ ಅಮೈನೊ ಆಮ್ಲಗಳ ನಡುವಿನ ಗಂಧಕದ ಬಂಧಗಳು ಅದನ್ನು ಗಂಟು ಹಾಕಿದಂತೆ ಬಿಗಿದಿಟ್ಟಿವೆ. ಪ್ರತಿಕಾಯದ ಪ್ರತಿ ತೋಳಿನ ತುದಿಯಲ್ಲೂ ಆರು ಪುಟ್ಟ ಕುಣಿಕೆಗಳಿದ್ದು, ಅವು ಈ ಗಂಟಿನ ಉಬ್ಬುತಗ್ಗಿಗೆ ಹೊಂದಿಕೊಂಡು ಕೂರುತ್ತವೆ. ಪ್ರಯೋಗಾಲಯದಲ್ಲಿ ಗಂಧಕದ ಬಂಧ ಬಿಚ್ಚಿದರೆ ಅಮೈನೊ ಆಮ್ಲಗಳ ಸಾಲು ಹಾಗೇ ಉಳಿಯುತ್ತದೆ, ಆದರೆ ಬಹುಪಾಲು ಪ್ರತಿಕಾಯಗಳು ಹಿಡಿತ ಕಳೆದುಕೊಳ್ಳುತ್ತವೆ. ಅವು ಗುರುತಿಸುವುದು ಆಕಾರವನ್ನು.

ಹಿಡಿದರೆ ಆಗುವುದೇನು? ವೈರಸ್ ಮೊದಲು ಯಕೃತ್ತಿನ ಕೋಶದ ಮೇಲಿನ ಸಕ್ಕರೆ ಸರಪಳಿಯಾದ ಹೆಪರಾನ್ ಸಲ್ಫೇಟ್‌ಗೆ ಸಡಿಲವಾಗಿ ಅಂಟಿಕೊಳ್ಳುತ್ತದೆ. ಆಮೇಲೆ ಪ್ರೀ-ಎಸ್1 ಎಂಬ ಭಾಗದಿಂದ ಎನ್‌ಟಿಸಿಪಿಯನ್ನು ಹಿಡಿದು ಒಳನುಗ್ಗುತ್ತದೆ. ಎನ್‌ಟಿಸಿಪಿ ಪಿತ್ತಲವಣ ಸಾಗಿಸುವ ಪ್ರೋಟೀನು. ವೈರಸ್ಸಿಗೆ ಅದೇ ಬಾಗಿಲು ಎಂದು ತಿಳಿದದ್ದು 2012ರಲ್ಲಿ. 'ಎ' ಜಾಗದಲ್ಲಿ ಪ್ರತಿಕಾಯ ಕೂತರೆ ಮೊದಲ ಅಂಟೇ ತಪ್ಪುತ್ತದೆ. ಕೋಶದೊಳಗೆ ಸೇರಿ ನ್ಯೂಕ್ಲಿಯಸ್ಸಿನಲ್ಲಿ ಡಿಎನ್‌ಎ ನೆಲೆಸಿಬಿಟ್ಟರೆ ಪ್ರತಿಕಾಯ ಅಲ್ಲಿಗೆ ಮುಟ್ಟದು. ಸೋಂಕಿತ ತಾಯಿಯ ಮಗುವಿಗೆ ಹುಟ್ಟಿದ 12 ಗಂಟೆಯೊಳಗೆ ಒಂದು ತೊಡೆಗೆ ಲಸಿಕೆ, ಇನ್ನೊಂದಕ್ಕೆ ಸಿದ್ಧ ಪ್ರತಿಕಾಯವಾದ ಇಮ್ಯುನೊಗ್ಲಾಬ್ಯುಲಿನ್ ಎಂದು ಅವಸರ ಮಾಡುವುದು ಇದಕ್ಕೇ.

ಭಾವನವರಲ್ಲಿ ಆ್ಯಂಟಿ-ಎಚ್‌ಬಿಎಸ್ ಏಕೆ ಕಾಣುವುದಿಲ್ಲ? ವೈರಸ್ಸಿನ ಕುತಂತ್ರ ಇಲ್ಲಿದೆ. ಡಿಎನ್‌ಎ ಇಲ್ಲದ, 22 ನ್ಯಾನೊಮೀಟರಿನ ಬರೀ ಪೊರೆ-ಪ್ರೋಟೀನಿನ ಪೊಳ್ಳು ಕಣಗಳನ್ನು ಅದು ಅಸಲಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಸುರಿಯುತ್ತದೆ. ಹುಟ್ಟಿದ ಅಲ್ಪಸ್ವಲ್ಪ ಪ್ರತಿಕಾಯವೂ ಆ ಜೊಳ್ಳಿಗೇ ಅಂಟಿ ಖರ್ಚಾಗುತ್ತದೆ.

ವೈರಸ್ ತಪ್ಪಿಸಿಕೊಳ್ಳುವ ಇನ್ನೊಂದು ದಾರಿ ರೂಪಾಂತರ. 145ನೆಯ ಜಾಗದ ಪುಟ್ಟ ಗ್ಲೈಸಿನ್ ಹೋಗಿ ಉದ್ದನೆಯ, ಧನ ಆವೇಶದ ಆರ್ಜಿನಿನ್ ಬಂದರೆ ಗಂಟಿನ ಆಕಾರವೇ ಬದಲಾಗಿ ಪ್ರತಿಕಾಯ ಜಾರುತ್ತದೆ. ಕೆಲವು ಪರೀಕ್ಷಾ ಕಿಟ್‌ಗಳೂ ಮೋಸಹೋಗುತ್ತವೆ. ಲಸಿಕೆ ಪಡೆದ ಇಟಲಿಯ ಮಗುವಿನಲ್ಲಿ ಸಿಕ್ಕ ಇಂಥ ವೈರಸ್ಸಿನ ವರದಿ 1990ರಲ್ಲಿ ಬಂತು. ಆದರೆ ಇದು ಅಪರೂಪ, ಗಾಬರಿ ಬೇಡ.

ನಿಮ್ಮ 340 ಧಾರಾಳವಾಯಿತು: ಕೊನೆಯ ಡೋಸಿನ ನಂತರ 1–2 ತಿಂಗಳಿಗೆ ಮಿಲಿಲೀಟರಿಗೆ 10 ಮಿಲಿ ಅಂತಾರಾಷ್ಟ್ರೀಯ ಯೂನಿಟ್ ದಾಟಿದರೆ ಸಾಕು. ವರ್ಷಗಳು ಕಳೆದಂತೆ ಅಂಕಿ ಇಳಿದರೂ ನೆನಪಿನ ಕೋಶಗಳು ಉಳಿದಿರುತ್ತವೆ. ಭಾವನವರಿಗೆ ವೈರಸ್ಸಿನ ಪ್ರಮಾಣ ಹೇಳುವ ಎಚ್‌ಬಿವಿ ಡಿಎನ್‌ಎ ಮತ್ತು ಎಎಲ್‌ಟಿ (ಯಕೃತ್ತಿನ ಹಾನಿ ತೋರುವ ಕಿಣ್ವ) ಪರೀಕ್ಷೆ ಆಗಲಿ. ಅವರ ಹೆಂಡತಿ ಮಕ್ಕಳಿಗೆ ಎಚ್‌ಬಿಎಸ್‌ಎಜಿ, ಆ್ಯಂಟಿ-ಎಚ್‌ಬಿಎಸ್, ಆ್ಯಂಟಿ-ಎಚ್‌ಬಿಸಿ ಮೂರನ್ನೂ ಒಟ್ಟಿಗೆ ಮಾಡಿಸಿ. ಮೂರೂ ನೆಗೆಟಿವ್ ಬಂದವರಿಗೆ ಮೊದಲ ಡೋಸನ್ನು ಈ ವಾರವೇ ಕೊಡಿಸಿ. ಉಳಿದೆರಡು ಅಲ್ಲಿಂದ 1 ಮತ್ತು 6 ತಿಂಗಳಿಗೆ.