ಅನುಭವಿ ಡಾಕ್ಟರ್ ಕೂಡ ಕಾಯಿಲೆ ಗುರುತಿಸುವಾಗ ಎಡವುವುದು ಯಾಕೆ?

ಎಷ್ಟೋ ಸಲ ಓದು ಸಾಲದೆ ಅಲ್ಲ, ಬೇಗ ತೀರ್ಮಾನಕ್ಕೆ ಬಂದು ಹುಡುಕುವುದನ್ನು ನಿಲ್ಲಿಸಿಬಿಡುವುದರಿಂದ. ಜಾಸ್ತಿ ರೋಗಿಗಳನ್ನು ನೋಡಿದವರ ಮನಸ್ಸು ಲಕ್ಷಣ ಕಂಡ ಕೂಡಲೇ ಹಳೆಯ ಕೇಸಿಗೆ ಹೊಂದಿಸುತ್ತದೆ. ಸಾಮಾನ್ಯವಾಗಿ ಅದು ಸರಿಯೂ ಆಗಿರುತ್ತದೆ. ಅನುಮಾನ ಬಾರದಿರುವುದೂ ಅದಕ್ಕೇ.

ಮಳೆಗಾಲದ ಜ್ವರ, ಮೈಕೈ ನೋವು, ಪ್ಲೇಟ್‌ಲೆಟ್ ಕಡಿಮೆ. ಡೆಂಗಿ ಅನ್ನಿಸುತ್ತದೆ ಅಲ್ವಾ? ನುಸಿಯಂಥ ಸಣ್ಣ ಹುಳ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರ ಕೂಡ ಹೀಗೇ ಇರಬಹುದು. ಕೆಲವರಿಗೆ ಕಂಕುಳಲ್ಲೋ ತೊಡೆಸಂದಿಯಲ್ಲೋ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ ಇರುತ್ತದೆ. ನೋವಿರದ ಕಾರಣ ರೋಗಿ ಹೇಳುವುದಿಲ್ಲ. ಚೀಟಿಯಲ್ಲಿ ಡೆಂಗಿ ಎಂದು ಬರೆದಾದ ಮೇಲೆ ಬಟ್ಟೆ ಸರಿಸಿ ನೋಡುವವರೂ ಕಡಿಮೆ. ಡಾಕ್ಸಿಸೈಕ್ಲಿನ್ ಮಾತ್ರೆಗೆ ಬಗ್ಗುವ ಕಾಯಿಲೆ ಹಾಗೇ ಉಳಿಯುತ್ತದೆ.

ಕೆನಡಾದ ಹ್ಯಾಲಿಫ್ಯಾಕ್ಸ್‌ನ ತುರ್ತು ಚಿಕಿತ್ಸಾ ವೈದ್ಯ ಪ್ಯಾಟ್ ಕ್ರಾಸ್ಕೆರಿ (ಮನಶ್ಶಾಸ್ತ್ರವನ್ನೂ ಓದಿದವರು) ಇಂಥ ಎಡವಟ್ಟುಗಳನ್ನೇ ಅಧ್ಯಯನ ಮಾಡಿ ಕಲಿಸಿದರು.