ಹಾಡು ಕಳುಹಿಸಿದ ಮಾತ್ರಕ್ಕೆ ಊರು ಬದಲಾಗುತ್ತದೆಯೇ?

“ಕಾಸರಗೋಡಿನವರು ಪೂರ್ತಿ ಮಲಯಾಳಿಗಳೇ ಆಗಿಬಿಟ್ಟಿರಾ? ಹೊಸ ಹಾಡು ಎಂದರೆ ಮಲಯಾಳಂನದ್ದನ್ನೇ ಕಳುಹಿಸುತ್ತೀಯಲ್ಲ” ಎಂದು ನೀನು ಕೇಳಿದೆ. ಈ ಪ್ರಶ್ನೆ ನನಗೆ ಹೊಸದಲ್ಲ. ಆದರೆ ಬೆಂಗಳೂರಿನಿಂದ, ಅದೂ ನಿನ್ನಂಥ ಸಂಗೀತದ ಹುಚ್ಚಿನವನಿಂದ ಬಂದಾಗ ಹೆಚ್ಚು ನೋಯುತ್ತದೆ.

ನಮ್ಮ ಕಿವಿ ಬೆಳೆದ ಬಗೆಯನ್ನು ಹೇಳುತ್ತೇನೆ. ಮನೆಯಲ್ಲಿ ಮಂಗಳೂರು ಆಕಾಶವಾಣಿ, 1976ರಲ್ಲಿ ಶುರುವಾದದ್ದು. ಕನ್ನಡ ಭಾವಗೀತೆ, ತುಳು ಪಾಡ್ದನ ಎಲ್ಲ ಅದರಲ್ಲೇ ಕೇಳಿದ್ದು. ಬಸ್ಸು ಹತ್ತಿದರೆ ಮಲಯಾಳಂ ಸಿನಿಮಾ ಹಾಡು. ಕುಂಬಳೆ ಯಕ್ಷಗಾನದ ಹಳೆಯ ಕವಿ ಪಾರ್ತಿಸುಬ್ಬನ ಊರು. ಅದಕ್ಕೆ ತಾಗಿಕೊಂಡಂತಿರುವ ಮೊಗ್ರಾಲ್ ಮಲಬಾರಿನ ಮುಸ್ಲಿಮರ ಮಾಪ್ಪಿಳ ಹಾಡುಗಳ ಊರು. ಇಶಲ್ ಎಂದರೆ ಆ ಹಾಡುಗಳ ಧಾಟಿ; ‘ಇಶಲ್ ಗ್ರಾಮ’ ಎಂದೇ ಅದಕ್ಕೆ ಹೆಸರು. ಚೆಂಡೆ ಕೇಳುತ್ತಾ ಬೆಳೆದವನಿಗೆ ಕೈತಾಳದ ಹಾಡು ಪರಕೀಯ ಎನಿಸುವುದಕ್ಕೆ ಇಲ್ಲಿ ಅವಕಾಶವೇ ಇಲ್ಲ.

ನಾವು ಗೆಳೆಯರು ಹೊಸ ಹಾಡು ಹಂಚಿಕೊಳ್ಳುವಾಗ ಬರೀ ಕೊಂಡಿ ಕಳುಹಿಸಿ ಸುಮ್ಮನಾಗುವುದಿಲ್ಲ. ಎರಡನೆಯ ಚರಣದ ಹೊತ್ತಿಗೆ ತಬಲಾ ನಿಲ್ಲುತ್ತದೆ ನೋಡು, ಅಲ್ಲಿಂದ ಕೇಳು ಎಂದು ಜಾಗ ತೋರಿಸುತ್ತೇವೆ. ಮೊಗ್ರಾಲಿನವನು ತಾಳದಲ್ಲಿ ತಪ್ಪು ಹಿಡಿಯುತ್ತಾನೆ. ಬದಿಯಡ್ಕದವನು ಕನ್ನಡದ ಗಾಯಕರ ಉಚ್ಚಾರವನ್ನು ಬಿಡಿಬಿಡಿಯಾಗಿ ಜಾಲಾಡುತ್ತಾನೆ. ಭಾಗವತಿಕೆಯ, ಅಂದರೆ ಯಕ್ಷಗಾನದ ಹಾಡುಗಾರಿಕೆಯ, ಧ್ವನಿಮುದ್ರಣ ಬಂದರಂತೂ ರಾತ್ರಿಯೆಲ್ಲ ಚರ್ಚೆ. 2023ರಲ್ಲಿ ತೀರಿಹೋದ ಬಲಿಪ ನಾರಾಯಣ ಭಾಗವತರು ಹುಟ್ಟಿದ್ದು ನಮ್ಮದೇ ಜಿಲ್ಲೆಯ ಪಡ್ರೆಯಲ್ಲಿ. ಅವರ ಏರುಶ್ರುತಿಯ, ಒಂದಿಷ್ಟೂ ಅಲಂಕಾರಕ್ಕೆ ಮಣಿಯದ ಪದಗಳನ್ನು ಅಳತೆಗೋಲಾಗಿ ಇಟ್ಟುಕೊಂಡು ಇಂದಿನವರನ್ನು ತೂಗುವುದು ನಮ್ಮಲ್ಲಿ ರೂಢಿ. ಎಳೆಯ ಭಾಗವತರಿಗೆ ಅದು ಅನ್ಯಾಯ ಎಂದು ನಾನು ವಾದಿಸುತ್ತಲೇ ಇರುತ್ತೇನೆ.

ಇಷ್ಟರವರೆಗೆ ಸುಖ. ಕಗ್ಗಂಟು ಬೇರೆ ಇದೆ. ಇಲ್ಲಿ ಹಾಡಿನ ಬಗ್ಗೆ ಬಾಯಿ ತೆರೆದರೆ, ನೀನು ಯಾವ ಪಕ್ಷ ಎಂದು ಲೆಕ್ಕ ಹಾಕುವವರು ಎರಡೂ ಕಡೆ ಇದ್ದಾರೆ. 2022ರ ‘ಕಾಂತಾರ’ವನ್ನು ನೆನೆಸಿಕೋ. ಅದರ ‘ವರಾಹ ರೂಪಂ’ ಹಾಡು ತಮ್ಮ ‘ನವರಸಂ’ ಹಾಡಿನ ನಕಲು ಎಂದು ಕೇರಳದ ತೈಕ್ಕುಡಂ ಬ್ರಿಡ್ಜ್ ಸಂಗೀತ ತಂಡ ಆರೋಪಿಸಿತು. ಕೋಝಿಕ್ಕೋಡ್ ಮತ್ತು ಪಾಲಕ್ಕಾಡಿನ ನ್ಯಾಯಾಲಯಗಳಿಂದ ತಡೆಯಾಜ್ಞೆ ಬಂತು. ಚಿತ್ರ ಓಟಿಟಿಗೆ ಬಂದಾಗ ಆ ಹಾಡಿನ ಜಾಗದಲ್ಲಿ ಬೇರೆ ಧಾಟಿ ಇತ್ತು, ಮೂಲದ್ದು ಮರಳಿದ್ದು ಆಮೇಲೆ. ಅಷ್ಟು ದಿನವೂ ನಮ್ಮನ್ನು ನೆಮ್ಮದಿಯಾಗಿರಲು ಯಾರೂ ಬಿಡಲಿಲ್ಲ.

ನಾನು ಎರಡನ್ನೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಒಂದಾದ ಮೇಲೊಂದು ಕೇಳಿದೆ. ಕರ್ನಾಟಕ ಸಂಗೀತದ ಗಾಯನ, ಅದರಡಿಯಲ್ಲಿ ಗಡುಸು ಗಿಟಾರು: ಆ ಹೆಣಿಗೆಯಲ್ಲಿ ಹೋಲಿಕೆ ನನಗೆ ಕೇಳಿಸಿತು. ಅದು ಕಾನೂನಿನ ದೃಷ್ಟಿಯಲ್ಲಿ ನಕಲೋ ಅಲ್ಲವೋ ಎಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಆ ದೃಶ್ಯದಲ್ಲಿ ಅಜನೀಶ್ ಲೋಕನಾಥ್ ಅವರ ಸಂಗೀತದಲ್ಲಿ ಬರುವ ನಾಗಸ್ವರ ಮೈ ಜುಮ್ಮೆನ್ನಿಸುತ್ತದೆ ಎಂಬುದೂ ಅಷ್ಟೇ ನಿಜ. ಎರಡನ್ನೂ ಒಟ್ಟಿಗೆ ಹೇಳಿದೆ. ಮಂಗಳೂರಿನ ಗೆಳೆಯರು “ಕೇರಳದ ಅನ್ನ ತಿನ್ನುತ್ತೀಯಲ್ಲ” ಎಂದರು. ಇಲ್ಲಿಯ ಮಲಯಾಳಿ ಸಹೋದ್ಯೋಗಿ “ನೀವು ಕರ್ನಾಟಕದವರು ಬಿಟ್ಟುಕೊಡುವುದಿಲ್ಲ” ಎಂದರು. ಕರ್ನಾಟಕದವರು! 1956ರ ನವೆಂಬರ್ 1ರಂದು ನಮ್ಮ ಊರು ಕೇರಳಕ್ಕೆ ಸೇರಿತು, ನಾನು ಹುಟ್ಟಿದ್ದೂ ಓದಿದ್ದೂ ಇಲ್ಲೇ. ದೈವದ ಕೋಲವೂ ಅದನ್ನೇ ಹೋಲುವ ಕೇರಳದ ತೆಯ್ಯಮೂ ಎರಡೂ ನಡೆಯುವ ಜಿಲ್ಲೆಯವನಿಗೆ ಆ ಚಿತ್ರದ ಬಗ್ಗೆ ಸ್ವಂತ ಅಭಿಪ್ರಾಯ ಇರಬಾರದೇ?

ಇನ್ನು ನಿನ್ನ ವಿಷಯ. 2024ರ ‘ಆವೇಶಂ’ ಬಂದಾಗ ಸುಶಿನ್ ಶ್ಯಾಮ್ ಸಂಗೀತದ ‘ಇಲ್ಯೂಮಿನಾಟಿ’ಯನ್ನು ವಾರಗಟ್ಟಲೆ ಗುನುಗಿದವನು ನೀನು. ಆ ಕತೆ ನಡೆಯುವುದೂ ನಿಮ್ಮ ಬೆಂಗಳೂರಿನಲ್ಲೇ. ಆಗ ನಿನ್ನನ್ನು ಯಾರೂ ಮಲಯಾಳಿಯಾದೆಯಾ ಎಂದು ಕೇಳಲಿಲ್ಲ; ಒಳ್ಳೆಯ ಅಭಿರುಚಿ ಎಂದರು. ಅದೇ ಹಾಡನ್ನು ನಾನು ಕಳುಹಿಸಿದರೆ ಕನ್ನಡ ಬಿಟ್ಟವನಾಗುತ್ತೇನೆ. ಕನ್ನಡ ಮಾಧ್ಯಮದ ಶಾಲೆಗೆ ಕನ್ನಡ ಬಲ್ಲ ಮೇಷ್ಟ್ರನ್ನೇ ಕೊಡಿ ಎಂದು ಧರಣಿ ಕೂತವರ ಊರಿನವನು ನಾನು. ಕನ್ನಡ ಇಲ್ಲಿ ತಾನಾಗಿ ಸಿಗುವುದಿಲ್ಲ, ಕೇಳಿ ಪಡೆಯಬೇಕು. ಹಾಗೆ ಪಡೆದದ್ದನ್ನು ಯಾರು ಸುಮ್ಮನೆ ಬಿಡುತ್ತಾರೆ ಹೇಳು.

ಆದ್ದರಿಂದ ಹಾಡು ಕಳುಹಿಸುವುದನ್ನು ನಾನು ನಿಲ್ಲಿಸುವುದಿಲ್ಲ. ಇವತ್ತು ಒಂದು ಮಾಪ್ಪಿಳ ಹಾಡು, ಒಂದು ಬಲಿಪರ ಪದ ಕಳುಹಿಸಿದ್ದೇನೆ. ಪದವನ್ನು ಮೊದಲು ಕೇಳು, ಚೆಂಡೆ ಏರುವ ತನಕ ನಡುವೆ ನಿಲ್ಲಿಸಬೇಡ. ಇಷ್ಟವಾಗದಿದ್ದರೆ ಯಾಕೆ ಎಂದು ಬರೆ. ತಾಳದ ಬಗ್ಗೆ ಬರೆ, ಕಂಠದ ಬಗ್ಗೆ ಬರೆ, ಜಗಳಕ್ಕೆ ನಾನು ಸಿದ್ಧ.