ಸಾವಿರಾರು ಸಂದೇಶಗಳ ನಡುವೆ ಒಂದರ ಜಾಡು ಹಿಡಿಯುವುದು ಹೇಗೆ?

ಪ್ರಶ್ನೆ: ನಮ್ಮ ಆರ್ಡರ್‌ಗಳೆಲ್ಲ ರ್‍ಯಾಬಿಟ್‌ಎಂಕ್ಯೂ ಮೂಲಕ ಹೋಗುತ್ತವೆ (ಅಪ್ಲಿಕೇಶನ್‌ಗಳ ನಡುವೆ ಸಂದೇಶ ಸಾಗಿಸುವ ಬ್ರೋಕರ್ ತಂತ್ರಾಂಶ ಅದು). ಹಗಲಿನಲ್ಲಿ ಸೆಕೆಂಡಿಗೆ ಸಾವಿರಾರು ಸಂದೇಶಗಳು. ಅಪರೂಪಕ್ಕೊಮ್ಮೆ ಒಂದು ಆರ್ಡರ್ ಪಾವತಿ ವಿಭಾಗವನ್ನು ತಲುಪುವುದೇ ಇಲ್ಲ; ಕೆಲವೊಮ್ಮೆ ಒಂದೇ ಆರ್ಡರ್ ಎರಡು ಸಲ ಬರುತ್ತದೆ. ಲಾಗ್ ಮಟ್ಟವನ್ನು ಅತಿ ವಿವರದ ಡೀಬಗ್‌ಗೆ ಏರಿಸಿ ನೋಡಿದೆವು. ಡಿಸ್ಕ್ ತುಂಬುತ್ತ ಬಂತೇ ಹೊರತು ಬೇಕಾದ್ದು ಸಿಗಲಿಲ್ಲ. ಟ್ರೇಸ್, ಅಂದರೆ ಸಂದೇಶಗಳ ಜಾಡು ದಾಖಲಿಸುವ ವ್ಯವಸ್ಥೆ, ಹಾಕಿದರೆ ಸರ್ವರ್ ಕುಸಿದೀತೆಂಬ ಭಯ. ಬೇಕಾದ ಸಂದೇಶಗಳನ್ನಷ್ಟೇ ಹಿಂಬಾಲಿಸಲು ಆಗುತ್ತದೆಯೇ?

ಉತ್ತರ: ಆಗುತ್ತದೆ. ಮೊದಲು ಲಾಗ್ ಮಟ್ಟವನ್ನು ಮಾಮೂಲಿ ಇನ್‌ಫೋಗೆ ಇಳಿಸಿಬಿಡಿ. ಡೀಬಗ್ ಲಾಗ್‌ನಲ್ಲಿ ಕಾಣುವುದು ಬ್ರೋಕರ್‌ನ ಒಳಗಿನ ಓಡಾಟ. ಒಂದೊಂದು ಸಂದೇಶ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದನ್ನು ಅದು ಬರೆದಿಡುವುದಿಲ್ಲ. ಇನ್ನೊಂದು ವಾರ ಹಾಗೇ ಬಿಟ್ಟಿದ್ದರೂ ನಿಮ್ಮ ಆರ್ಡರ್ ಅದರಲ್ಲಿ ಸಿಗುತ್ತಿರಲಿಲ್ಲ.

ನಿಮ್ಮ ಎರಡು ದೂರುಗಳನ್ನು ಬೇರೆ ಬೇರೆಯಾಗಿ ನೋಡಿ. ಕಾಣೆಯಾದ ಸಂದೇಶದ ಬಗ್ಗೆ ಕೇಳಬೇಕಾದ್ದು: ಅದು ಸಂದೇಶಗಳನ್ನು ವಿಂಗಡಿಸುವ ಎಕ್ಸ್‌ಚೇಂಜ್‌ಗೆ ಬಂದಿತ್ತೇ, ಬಂದಿದ್ದರೆ ಕಾದಿಡುವ ಸಾಲಾದ ಯಾವುದಾದರೂ ಕ್ಯೂ ಸೇರಿತೇ, ಸೇರಿದ್ದರೆ ಅದನ್ನು ಓದುವ ಕನ್ಸ್ಯೂಮರ್ ಕೈಗೆ ಹೋಯಿತೇ? ಎರಡು ಸಲ ಬಂದದ್ದರ ಬಗ್ಗೆ ಕೇಳಬೇಕಾದ್ದು ಒಂದೇ: ಕಳಿಸಿದವರೇ ಎರಡು ಸಲ ಕಳಿಸಿದರೋ, ಬ್ರೋಕರ್ ಮರಳಿ ಕೊಟ್ಟಿತೋ? ಈ ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದುಕೊಳ್ಳದೆ ಯಾವ ಟ್ರೇಸನ್ನೂ ಆನ್ ಮಾಡಬೇಡಿ.

ಕಾಣೆಯಾದ ಸಂದೇಶದ ದೂರು ಬಂದರೆ ನಾನು ಟ್ರೇಸ್ ಮುಟ್ಟುವ ಮೊದಲೇ ನೋಡುವ ಜಾಗ ಒಂದಿದೆ. ಯಾವ ಕ್ಯೂಗೂ ಹೊಂದದ ಸಂದೇಶವನ್ನು ರ್‍ಯಾಬಿಟ್‌ಎಂಕ್ಯೂ ಸದ್ದಿಲ್ಲದೆ ಎಸೆದುಬಿಡುತ್ತದೆ. ಕಳಿಸುವವರು ಮ್ಯಾಂಡೇಟರಿ ಫ್ಲ್ಯಾಗ್ ಹಾಕಿದ್ದರೆ ಮಾತ್ರ ಅದು 312ರ ‘ನೋ ರೂಟ್’ ಸಂಕೇತದೊಂದಿಗೆ ವಾಪಸ್ ಬರುತ್ತದೆ. ಎಕ್ಸ್‌ಚೇಂಜ್‌ಗೆ ಪಾಲಿಸಿ (ಹೆಸರಿನ ಮಾದರಿಗೆ ಹೊಂದುವ ಕ್ಯೂ, ಎಕ್ಸ್‌ಚೇಂಜ್‌ಗಳಿಗೆ ಅನ್ವಯಿಸುವ ನಿಯಮ) ಮೂಲಕ ಒಂದು ಆಲ್ಟರ್ನೇಟ್ (ಬದಲಿ) ಎಕ್ಸ್‌ಚೇಂಜ್ ಕೊಟ್ಟು, ಅದಕ್ಕೊಂದು ಕ್ಯೂ ಕಟ್ಟಿ. ದಾರಿ ತಪ್ಪಿದವು ಮಾತ್ರ ಅಲ್ಲಿ ಬಂದು ಬೀಳುತ್ತವೆ. ಉಳಿದವಕ್ಕೆ ಏನೂ ಹೊರೆಯಿಲ್ಲ. ಹಾಗೆಯೇ ಕ್ಯೂನಿಂದ ಹೊರಬಿದ್ದ ಸಂದೇಶಗಳನ್ನು ಸೇರಿಸಿಡುವ ಡೆಡ್ ಲೆಟರ್ ಕ್ಯೂ ಇದ್ದರೆ ಅಲ್ಲಿನ ಸಂದೇಶಗಳ ‘ಎಕ್ಸ್-ಡೆತ್’ ಹೆಡರ್ (ಸಂದೇಶದ ಜೊತೆಗಿನ ಮಾಹಿತಿ ಚೀಟಿ) ಓದಿ. ತಿರಸ್ಕಾರವೋ, ಅವಧಿ ಮುಗಿದದ್ದೋ, ಕ್ಯೂ ಉದ್ದದ ಮಿತಿ ಮೀರಿದ್ದೋ ಎಂಬ ಕಾರಣ ಅದರಲ್ಲೇ ಇರುತ್ತದೆ. ಎಷ್ಟೋ ತನಿಖೆಗಳು ಇಲ್ಲಿಗೇ ಮುಗಿಯುತ್ತವೆ.

ಮುಗಿಯಲಿಲ್ಲವೆಂದರೆ ಮುಂದಿನ ಹೆಜ್ಜೆ, ಪಾವತಿ ವಿಭಾಗದ ಕ್ಯೂ ದಾರಿ ನಿರ್ಧರಿಸುವ ಯಾವ ರೂಟಿಂಗ್ ಕೀಯಿಂದ ಕಟ್ಟಿಕೊಂಡಿದೆಯೋ ಅದೇ ಕೀಯಿಂದ ಇನ್ನೊಂದು ತಾತ್ಕಾಲಿಕ ಕ್ಯೂ ಕಟ್ಟುವುದು. ಒಂದೇ ಬಗೆಯ ಸಂದೇಶದ ನಕಲು ಮಾತ್ರ ಸಿಗುವುದರಿಂದ ಇದು ಅಗ್ಗದ ದಾರಿ. ಮಿತಿಯೂ ಇದೆ: ಹೆಸರಿಲ್ಲದ ಡೀಫಾಲ್ಟ್ ಎಕ್ಸ್‌ಚೇಂಜ್ ಮೂಲಕ ನೇರ ಕ್ಯೂ ಹೆಸರಿಗೇ ಕಳಿಸುತ್ತಿದ್ದರೆ ಅಲ್ಲಿ ಬೈಂಡಿಂಗ್ (ಎಕ್ಸ್‌ಚೇಂಜ್‌ಗೆ ಕ್ಯೂ ಕಟ್ಟುವ ಕೊಂಡಿ) ಹಾಕಲು ಬರುವುದಿಲ್ಲ. ಕನ್ಸ್ಯೂಮರ್‌ಗೆ ಕೊಟ್ಟದ್ದೂ ಇದರಲ್ಲಿ ಕಾಣುವುದಿಲ್ಲ.

ಅದಕ್ಕೂ ಜಗ್ಗದಿದ್ದರೆ ಬ್ರೋಕರ್‌ನಲ್ಲೇ ಇರುವ ಟ್ರೇಸ್ ಸೌಲಭ್ಯ ಫೈರ್‌ಹೋಸ್. ಹೆಸರು ಕೇಳಿ ಹೆದರಬೇಡಿ, ಆದರೆ ಅದರ ನಡೆ ತಿಳಿದಿರಲಿ. ಇದನ್ನು ಆನ್ ಮಾಡುವುದು ಬ್ರೋಕರ್‌ನೊಳಗಿನ ಪ್ರತ್ಯೇಕ ವಿಭಾಗವಾದ ಒಂದು ವರ್ಚುವಲ್ ಹೋಸ್ಟ್‌ಗೆ. ಆನ್ ಆದ ಮೇಲೆ ಆ ಹೋಸ್ಟ್‌ಗೆ ಬಂದ ಪ್ರತಿ ಸಂದೇಶಕ್ಕೂ, ಅಲ್ಲಿಂದ ಕೊಟ್ಟ ಪ್ರತಿ ಸಂದೇಶಕ್ಕೂ ಒಂದೊಂದು ನಕಲು ಟ್ರೇಸ್ ಎಕ್ಸ್‌ಚೇಂಜ್‌ಗೆ ಹೋಗುತ್ತದೆ. ಒಂದು ಸಂದೇಶ 5 ಕ್ಯೂಗಳಿಗೆ ಹಂಚಿಹೋಗುತ್ತಿದ್ದರೆ ಬಂದದ್ದಕ್ಕೆ 1, ಕೊಟ್ಟದ್ದಕ್ಕೆ 5, ಒಟ್ಟು 6 ನಕಲು. ಬೈಂಡಿಂಗ್ ಎಷ್ಟೇ ಬಿಗಿಯಾಗಿರಲಿ, ನಕಲು ಹುಟ್ಟುವುದು ತಪ್ಪುವುದಿಲ್ಲ. ಬೇಡದವು ಕ್ಯೂ ಸೇರದೆ ಬಿದ್ದುಹೋಗುತ್ತವೆ, ಅಷ್ಟೇ. ಆದ್ದರಿಂದ ಸಾಧ್ಯವಿದ್ದರೆ ಆರ್ಡರ್‌ಗಳಿಗೆ ಪ್ರತ್ಯೇಕ ವರ್ಚುವಲ್ ಹೋಸ್ಟ್ ಇರಲಿ. ಉಳಿದೆಲ್ಲ ಜರಡಿಗಿಂತ ದೊಡ್ಡ ಉಳಿತಾಯ ಅದರಿಂದಲೇ.

ಈ ಎಕ್ಸ್‌ಚೇಂಜ್ ಟಾಪಿಕ್ ಬಗೆಯದು, ಅಂದರೆ ಕೀಯನ್ನು ಮಾದರಿಗೆ ಹೋಲಿಸಿ ಹಂಚುತ್ತದೆ. ಬಂದವುಗಳ ಕೀ ‘ಪಬ್ಲಿಷ್’ ಎಂದು ಶುರುವಾಗಿ ಚುಕ್ಕಿಯ ನಂತರ ಎಕ್ಸ್‌ಚೇಂಜ್ ಹೆಸರು ಬರುತ್ತದೆ. ಕೊಟ್ಟವುಗಳದು ‘ಡೆಲಿವರ್’ ಎಂದು ಶುರುವಾಗಿ ಕ್ಯೂ ಹೆಸರು. ಎಲ್ಲವನ್ನೂ ಹಿಡಿಯುವ ಹ್ಯಾಶ್ (#) ಗುರುತು ಹಾಕದೆ, ಆರ್ಡರ್ ಎಕ್ಸ್‌ಚೇಂಜ್ ಮತ್ತು ಪಾವತಿ ಕ್ಯೂ ಎರಡನ್ನೇ ಹೆಸರಿಸಿ ಬೈಂಡ್ ಮಾಡಿ. ಇನ್ನೂ ಸೋಸಬೇಕೆಂದರೆ ಟ್ರೇಸ್ ಎಕ್ಸ್‌ಚೇಂಜ್‌ನಿಂದ ಹೆಡರ್ ನೋಡಿ ಹಂಚುವ ಒಂದು ಹೆಡರ್ಸ್ ಬಗೆಯ ಎಕ್ಸ್‌ಚೇಂಜ್‌ಗೆ ಕೊಂಡಿ ಹಾಕಿ, ‘ಯೂಸರ್’ ಹೆಡರ್ ಮೇಲೆ ಜರಡಿ ಹಿಡಿಯಬಹುದು. ಆಗ ಆ ಬಳಕೆದಾರ ಹೆಸರಿನಿಂದ ಸಂಪರ್ಕಿಸಿದ ಅಪ್ಲಿಕೇಶನ್‌ನ ಸಂದೇಶಗಳು ಉಳಿಯುತ್ತವೆ. ಬಂದವುಗಳ ನಕಲಿನಲ್ಲಿ ಅದು ಯಾವ ಯಾವ ಕ್ಯೂಗೆ ಹೋಯಿತೆಂಬ ಪಟ್ಟಿಯೂ ಇರುತ್ತದೆ. ಪಟ್ಟಿ ಖಾಲಿಯಿದ್ದರೆ ನಿಮ್ಮ ಆರ್ಡರ್ ಎಲ್ಲಿ ಕಾಣೆಯಾಯಿತೆಂದು ಬೇರೆ ಹುಡುಕಬೇಕಿಲ್ಲ.

ಕಳಿಸುವವರು ಸಂದೇಶಕ್ಕೆ ಮೆಸೇಜ್ ಐಡಿ ಹಾಕುತ್ತಿಲ್ಲವಾದರೆ ಇಂದೇ ಹಾಕಿಸಿ. ಅದಿಲ್ಲದೆ ‘ಬಂದದ್ದು’, ‘ಕೊಟ್ಟದ್ದು’ ಎರಡನ್ನೂ ಹೊಂದಿಸಲಾಗದು. ಐಡಿಯಿದ್ದರೆ ಮಾದರಿ ತೆಗೆಯುವುದೂ ಸುಲಭ: ಯಾದೃಚ್ಛಿಕವಾಗಿ ನೂರಕ್ಕೊಂದು ಹೆಕ್ಕಬೇಡಿ, ಐಡಿಯ ಹ್ಯಾಶ್ (ಅದರಿಂದ ಲೆಕ್ಕ ಹಾಕಿದ ಸಂಖ್ಯೆ) ಅನ್ನು 100ರಿಂದ ಭಾಗಿಸಿ ಶೇಷ 0 ಬಂದವನ್ನು ಇಟ್ಟುಕೊಳ್ಳಿ. ಹೀಗೆ ಮಾಡಿದರೆ ಹೆಕ್ಕಿದ ಸಂದೇಶದ ಎಲ್ಲ ಹಂತಗಳೂ ಉಳಿಯುತ್ತವೆ. ಇಲ್ಲವಾದರೆ ಅರ್ಧ ಕಥೆ ಮಾತ್ರ. ಆದರೆ ಅಪರೂಪದ ದೋಷ ಈ ನೂರರಲ್ಲೊಂದರಲ್ಲಿ ಸಿಕ್ಕೇ ಸಿಗುತ್ತದೆಂದು ನಂಬಬೇಡಿ. ನಿಮ್ಮ ಪ್ರಕರಣಕ್ಕೆ ಮಾದರಿಗಿಂತ ಹೆಸರಿಸಿ ಹಿಡಿಯುವುದೇ ವಾಸಿ.

ಸರ್ವರ್ ಕುಸಿಯುವ ಭಯಕ್ಕೆ ಕಾರಣವಿದೆ. ಟ್ರೇಸ್ ಕ್ಯೂನಿಂದ ಓದುವವರು ನಿಧಾನವಾದರೆ ಅದು ಬೆಳೆಯುತ್ತದೆ, ಮೆಮೊರಿ ಗಡಿ ಮುಟ್ಟುತ್ತದೆ, ಆಗ ಬ್ರೋಕರ್ ಸರ್ವರ್‌ಗಳ ಗುಂಪಾದ ಇಡೀ ಕ್ಲಸ್ಟರ್‌ನಲ್ಲಿ ಕಳಿಸುವವರೆಲ್ಲರನ್ನೂ ತಡೆಹಿಡಿಯುತ್ತದೆ. ಟ್ರೇಸ್ ಮಾಡಹೋಗಿ ವ್ಯವಹಾರವೇ ನಿಂತಂತೆ. ಹಾಗಾಗಿ ಟ್ರೇಸ್ ಕ್ಯೂಗೆ ಉದ್ದದ ಮಿತಿ ಹಾಕಲೇಬೇಕು. ತುಂಬಿದಾಗ ಹಳೆಯವು ಬಿದ್ದುಹೋಗುವುದು ಡೀಫಾಲ್ಟ್ ನಡೆ, ಇಲ್ಲಿ ಅದೇ ಸರಿ. ಸಾಮಾನ್ಯ ಕ್ಲಾಸಿಕ್ ಕ್ಯೂ ಸಾಕು. ಕೋರಂ ಕ್ಯೂ ಮಾಡಿದರೆ ಪ್ರತಿ ನಕಲನ್ನೂ ಹಲವು ಸರ್ವರ್ ನೋಡ್‌ಗಳು ಡಿಸ್ಕ್‌ಗೆ ಬರೆಯುತ್ತ ಕೂರುತ್ತವೆ. ನಿಮ್ಮ ಪಾಲಿಸಿಗಳ ಹೆಸರಿನ ಮಾದರಿಯನ್ನೂ ಒಮ್ಮೆ ನೋಡಿ. ಎಲ್ಲ ಕ್ಯೂಗೂ ಅನ್ವಯಿಸುವ ಡೆಡ್ ಲೆಟರ್ ಪಾಲಿಸಿಯಿದ್ದರೆ, ಮಿತಿ ಮೀರಿ ಬಿದ್ದ ನಕಲುಗಳೆಲ್ಲ ನಿಮ್ಮ ನಿಜವಾದ ಡೆಡ್ ಲೆಟರ್ ಕ್ಯೂಗೇ ನುಗ್ಗುತ್ತವೆ.

ಆಫ್ ಮಾಡುವ ಆದೇಶವನ್ನು ಆನ್ ಮಾಡುವ ಮೊದಲೇ ಟೈಮರ್‌ಗೆ ಹಚ್ಚಿಡಿ. ಕ್ಯೂ ಅಳಿಸಿದರೆ ಅಥವಾ ಓದುವ ಪ್ರೋಗ್ರಾಂ ನಿಲ್ಲಿಸಿದರೆ ಫೈರ್‌ಹೋಸ್ ಆಫ್ ಆಗುವುದಿಲ್ಲ. ಯಾರಿಗೂ ಬೇಡದ ನಕಲು ಹುಟ್ಟುತ್ತಲೇ ಇರುತ್ತದೆ.

ಇನ್ನು ಎರಡು ಸಲ ಬರುವ ವಿಚಾರ. ‘ಕೊಟ್ಟದ್ದು’ ನಕಲಿನಲ್ಲಿ ‘ರೀಡೆಲಿವರ್ಡ್’ ಹೆಡರ್ ಇರುತ್ತದೆ. ಅದು 1 ಆಗಿದ್ದರೆ ಬ್ರೋಕರ್ ಮರಳಿ ಕೊಟ್ಟಿದೆ, ಅಂದರೆ ಮೊದಲ ಸಲ ಕನ್ಸ್ಯೂಮರ್‌ನಿಂದ ‘ಮುಗಿಸಿದೆ’ ಎಂಬ ಅಕ್ನಾಲೆಡ್ಜ್‌ಮೆಂಟ್ ಬಂದಿಲ್ಲ. ಒಂದೇ ಐಡಿ ಎರಡು ಸಲ ‘ಬಂದದ್ದು’ ಪಟ್ಟಿಯಲ್ಲಿದ್ದರೆ ಕಳಿಸಿದವರದೇ ಕೆಲಸ, ಬಹುಶಃ ಬ್ರೋಕರ್‌ನ ಸ್ವೀಕೃತಿಯಾದ ಕನ್ಫರ್ಮ್ ತಡವಾಗಿ ಅವರು ಮತ್ತೆ ಕಳಿಸಿರುತ್ತಾರೆ. ಮರಳಿ ಕೊಟ್ಟದ್ದಾದರೆ ಸಾಮಾನ್ಯ ಲಾಗ್‌ನಲ್ಲಿ ಕನ್ಸ್ಯೂಮರ್ ಟೈಮ್‌ಔಟ್ ಇದೆಯೇ ನೋಡಿ: ಡೀಫಾಲ್ಟ್ ಆಗಿ 30 ನಿಮಿಷದಲ್ಲಿ ಅಕ್ನಾಲೆಡ್ಜ್ ಮಾಡದಿದ್ದರೆ ಚಾನೆಲ್ (ಸಂಪರ್ಕದ ಒಳಹಾದಿ) ಮುಚ್ಚಿ ಸಂದೇಶ ಕ್ಯೂಗೆ ಮರಳುತ್ತದೆ. ಒಂದು ಎಚ್ಚರ, ಅಕ್ನಾಲೆಡ್ಜ್‌ಮೆಂಟ್‌ಗಳನ್ನು ಫೈರ್‌ಹೋಸ್ ತೋರಿಸುವುದಿಲ್ಲ. ಕೊಟ್ಟಿದೆ ಎಂದ ಮಾತ್ರಕ್ಕೆ ಕೆಲಸ ಆಗಿದೆ ಎಂದಲ್ಲ. ಅದಕ್ಕೆ ಕನ್ಸ್ಯೂಮರ್‌ನ ಲಾಗೇ ಬೇಕು.

ನಕಲಿನಲ್ಲಿ ಸಂದೇಶದ ಒಡಲೂ ಇರುತ್ತದೆ, ಅಂದರೆ ಗ್ರಾಹಕರ ವಿವರವೆಲ್ಲ. ಟ್ರೇಸಿಂಗ್ ಪ್ಲಗಿನ್ ಮೂಲಕ ಫೈಲ್‌ಗೆ ಬರೆಸುವುದಾದರೆ ಪೇಲೋಡ್ (ಒಡಲಿನ) ಮಿತಿಯನ್ನು ಕೆಲವೇ ಬೈಟ್‌ಗಳಿಗೆ ಇಳಿಸಿ. ಐಡಿ ಪ್ರಾಪರ್ಟಿಗಳಲ್ಲಿರುವುದರಿಂದ ಒಡಲು ನಿಮಗೆ ಬೇಕಾಗುವುದೇ ಇಲ್ಲ.

ಪ್ರಶ್ನೆ: ಪೋಸ್ಟ್‌ಫಿಕ್ಸ್ ಮೇಲ್ ಸರ್ವರ್‌ನಲ್ಲಿ ಒಂದೇ ಒಂದು ಡೊಮೇನ್‌ಗೆ ಹೋಗುವ ಮೇಲ್ ತಡವಾಗುತ್ತಿದೆ. ಎಲ್ಲಕ್ಕೂ ವರ್ಬೋಸ್ (ಅತಿ ವಿವರದ) ಲಾಗ್ ಹಾಕದೆ ಅದನ್ನಷ್ಟೇ ನೋಡಬಹುದೇ?

ಉತ್ತರ: ನೋಡಬಹುದು. ಮುಖ್ಯ ಸಂರಚನೆಯ ಫೈಲ್‌ನಲ್ಲಿ ‘ಡೀಬಗ್ ಪಿಯರ್ ಲಿಸ್ಟ್’ ಎಂಬುದಿದೆ. ಅದಕ್ಕೆ ಎದುರಿನ ಸರ್ವರ್‌ನ ಹೆಸರು ಅಥವಾ ಐಪಿ ಕೊಟ್ಟು ರೀಲೋಡ್ ಮಾಡಿದರೆ ಆ ಸಂಪರ್ಕಗಳಿಗೆ ಮಾತ್ರ ಲಾಗ್ ಮಟ್ಟ ಏರುತ್ತದೆ. ಎಷ್ಟು ಏರಬೇಕೆಂಬುದು ಡೀಫಾಲ್ಟ್ ಆಗಿ 2. ಬಹಳ ಜನ ಇಲ್ಲಿ ಸ್ವೀಕರಿಸುವವರ ಡೊಮೇನ್ ಹಾಕಿ ಏನೂ ಬರಲಿಲ್ಲ ಎನ್ನುತ್ತಾರೆ. 3.6ಕ್ಕಿಂತ ಹಳೆಯ ಆವೃತ್ತಿಗಳು ಹೋಲಿಸುವುದು ಸಂಪರ್ಕಿಸಿದ ಹೋಸ್ಟ್‌ನ ಹೆಸರು, ವಿಳಾಸಗಳನ್ನು. ಆದ್ದರಿಂದ ಆ ಡೊಮೇನ್‌ನ ಮೇಲ್ ಪಡೆಯುವ ಎಂಎಕ್ಸ್ ಹೋಸ್ಟ್‌ನ ಹೆಸರು ಕೊಡಿ.

ಅದಕ್ಕೂ ಮೊದಲು ಈಗಿರುವ ಲಾಗ್‌ನಲ್ಲೇ ಆ ಮೇಲ್‌ನ ಸಾಲಿನಲ್ಲಿ ‘ಡಿಲೇಸ್’ ಎಂದು ಓರೆಗೆರೆಗಳ ನಡುವೆ ನಾಲ್ಕು ಅಂಕಿಗಳಿರುತ್ತವೆ. ಕ್ರಮವಾಗಿ ಕ್ಯೂ ಮ್ಯಾನೇಜರ್‌ಗೆ ಮುಂಚಿನ ಸಮಯ, ಕ್ಯೂ ಮ್ಯಾನೇಜರ್‌ನಲ್ಲಿ ಕಳೆದದ್ದು, ಸಂಪರ್ಕ ಏರ್ಪಡಲು ಹಿಡಿದದ್ದು, ರವಾನೆಗೆ ಹಿಡಿದದ್ದು. ಮೂರನೆಯದು ದೊಡ್ಡದಿದ್ದರೆ ಡಿಎನ್‌ಎಸ್, ಟಿಎಲ್‌ಎಸ್ (ಹೆಸರು ಹುಡುಕಾಟ, ಗೂಢಲಿಪಿ ಒಪ್ಪಂದ) ಕಡೆ ನೋಡಿ. ಎರಡನೆಯದು ದೊಡ್ಡದಿದ್ದರೆ ತಡ ನಿಮ್ಮ ಸರ್ವರ್‌ನಲ್ಲೇ ಆಗುತ್ತಿದೆ. ಆಗ ಎದುರಿನವರ ಸಂಪರ್ಕವನ್ನು ಟ್ರೇಸ್ ಮಾಡುವ ಮೊದಲು ಇಲ್ಲಿನ ಸಾಲನ್ನೇ ನೋಡಿ.